ಬಾಯಿ ತೆರೆದ ಗಿಡ

ಮೀನಿನ ತೊಟ್ಟಿಯಲ್ಲಿ ನಾಲ್ಕು ಬಗೆಯ ಗಿಡಗಳು ಎದ್ದಿವೆ, ನಾಲ್ಕಕ್ಕೂ ಹೆಸರು ಬೇಕು ಎಂದು ಮನೆಯ ಯಜಮಾನರು ನನ್ನನ್ನು ಕರೆಸಿದ್ದರು. ಮೂರಕ್ಕೆ ಹೆಸರು ಹೇಳಿದೆ. ನಾಲ್ಕನೆಯದಕ್ಕೆ ಹೇಳಲಾಗಲಿಲ್ಲ.

ಮನೆ ಬ್ಯಾಟರಾಯನಪುರದಲ್ಲಿ, ಎರಡನೇ ಮಹಡಿ. ಯಜಮಾನರಿಗೆ ಯಶವಂತಪುರದಲ್ಲಿ ಗೇರ್ ಮತ್ತು ಶಾಫ್ಟ್ ಮಾಡುವ ಸಣ್ಣ ವರ್ಕ್‌ಶಾಪ್. ಹಾಲ್‌ನಲ್ಲಿ ಬೇರೆಯವರು ಟಿವಿ ಇಡುವ ಗೋಡೆಗೆ ಅವರು ಉಪ್ಪುನೀರಿನ ತೊಟ್ಟಿ ಇಟ್ಟಿದ್ದರು. ಒಳಗೆ ಹವಳ, ನಾಲ್ಕಾರು ಮೀನು, ಇವೆಲ್ಲಕ್ಕೂ ಆಧಾರವಾಗಿ ಕಡಲಿನ ತೂತುತೂತಾದ ಕಲ್ಲುಗಳು. ಊರು ಬಿಟ್ಟು ಹೋಗುತ್ತಿದ್ದ ಯಾರೋ ತಮ್ಮ ತೊಟ್ಟಿ ಮುಚ್ಚುವಾಗ ಕೊಟ್ಟ ಹಳೆಯ ಕಲ್ಲುಗಳು ಅವು. ಇಂಥ ಕಲ್ಲಿನ ಜೊತೆ ಏನೇನು ಬರುತ್ತದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ, ತಂದವರಿಗೂ ಗೊತ್ತಿರುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಒಂದೊಂದೇ ತಲೆ ಎತ್ತುತ್ತವೆ. ಆಗ ನನಗೆ ಫೋನ್ ಬರುತ್ತದೆ. ಮನೆಮನೆಯ ಉಪ್ಪುನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾಲೇಜಿನಲ್ಲಿ ಕಡಲಪಾಚಿಯನ್ನೇ ಓದಿದ್ದರಿಂದ ಹೆಸರು ಹಚ್ಚುವ ಕೆಲಸ ಬಂದರೆ ನನಗೆ ಒಳಗೊಳಗೇ ಹಿಗ್ಗು.

ಪಾಚಿಯನ್ನು ತೊಟ್ಟಿಯೊಳಗೇ ನೋಡಿ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ಒಂದು ಎಳೆ ಕತ್ತರಿಸಿ, ಅದೇ ತೊಟ್ಟಿಯ ನೀರು ತುಂಬಿದ ಬಿಳಿ ಪಿಂಗಾಣಿ ತಟ್ಟೆಯಲ್ಲಿ ತೇಲಿಬಿಟ್ಟು, ಕೈಮಸೂರದಲ್ಲಿ ನೋಡಬೇಕು. ಮೊದಲನೆಯದು ಹಸಿರು ಗರಿ. ಗರಿಯಂಥ ಪಾಚಿಗಳು ಎರಡು ಮೂರಿವೆ. ಬುಡದಲ್ಲಿ ಗರಿಕೆ ಹುಲ್ಲಿನಂತೆ ಹರಿದಾಡುವ ಬಳ್ಳಿ ಇದ್ದರೆ ಕಾಲರ್ಪ, ಇಲ್ಲದಿದ್ದರೆ ಬ್ರಯಾಪ್ಸಿಸ್. ಇದಕ್ಕೆ ಬಳ್ಳಿ ಇರಲಿಲ್ಲ. ಕತ್ತರಿಸಿದ ತುದಿಯಿಂದ ಹಸಿರು ರಸ ಒಸರಿ ಎಳೆ ಬೆಳ್ಳಗಾಯಿತು, ಏಕೆಂದರೆ ಒಳಗೆ ಅಡ್ಡಗೋಡೆಗಳೇ ಇಲ್ಲ. ಬ್ರಯಾಪ್ಸಿಸ್ ಎಂದೆ. ಎರಡನೆಯದು ಗಾಜಿನ ಗೋಲಿಯಂತೆ ಹೊಳೆಯುವ ವಲೋನಿಯ. ಅದನ್ನು ಒಡೆಯಬಾರದು, ಒಡೆದರೆ ತೊಟ್ಟಿ ತುಂಬ ಮರಿಗಳಾಗುತ್ತವೆ. ಮೂರನೆಯದು ಹ್ಯಾಲಿಮಿಡ, ಹಸಿರು ಬಿಲ್ಲೆಗಳನ್ನು ಪೋಣಿಸಿದ ಸರ. ಚಿವುಟಿದರೆ ಸುಣ್ಣ ಗರಗರ ಎನ್ನುತ್ತದೆ. ಇದು ಇರಲಿ ಎಂದೆ.

ನಾಲ್ಕನೆಯದು ಎರಡು ಕಲ್ಲುಗಳ ಅಡಿಭಾಗದಲ್ಲಿತ್ತು. ಕಂದು ಬಣ್ಣ, ಕೋಟಿನ ಗುಂಡಿಗಳಷ್ಟು ದಪ್ಪದ ಉಬ್ಬುಗಳು, ತೊಗಲಿನಂಥ ಒಂದೇ ಹಾಸಿನ ಮೇಲೆ ಒತ್ತೊತ್ತಾಗಿ.

“ಇದೂ ಪಾಚಿನೇ ಅಲ್ವಾ ಮೇಡಂ? ಸ್ವಲ್ಪ ಬಲಿತಿದೆ ಅಷ್ಟೆ,” ಎಂದರು ಯಜಮಾನರು.

ಕಂದು ಪಾಚಿಗಳಲ್ಲೂ ಕೆಲವು ಹೀಗೆ ಕಲ್ಲಿಗೆ ತೊಗಲು ಹೊದಿಸಿದಂತೆ ಬೆಳೆಯುತ್ತವೆ. ಆದರೆ ಇದರ ಮೈಯೆಲ್ಲ ಮರಳು. ಮುಚ್ಚಿಕೊಂಡು ಕೂತಿರುವ ಬಟನ್ ಪಾಲಿಪ್ ಕೂಡ ಹೀಗೆಯೇ ಕಾಣುತ್ತದೆ, ಅದು ಗಿಡವಲ್ಲ, ಹವಳದ ಬಳಗದ ಪ್ರಾಣಿ. ಆ ಬಳಗದಲ್ಲಿ ಕೆಲವಕ್ಕೆ ಕೆಟ್ಟ ವಿಷ ಇರುತ್ತದೆ ಎಂದು ಓದಿದ್ದೆ, ನೋಡಿದ್ದಿಲ್ಲ. ಬೆಳಕಿನಲ್ಲಿ ಬಿಟ್ಟು ತೆರೆದುಕೊಳ್ಳುತ್ತದೆಯೋ ನೋಡಿದರೆ ತೀರ್ಮಾನವಾಗುತ್ತದೆ. ಅದಕ್ಕೆ ಪುರುಸೊತ್ತು ಬೇಕು.

“ಇದು ಗಿಡ ಅಲ್ಲದೇನೂ ಇರ್ಬಹುದು ಸರ್. ವಿಷ ಇರ್ಬಹುದು. ಗೊತ್ತಾಗೋವರ್ಗೂ ಮುಟ್ಬೇಡಿ. ಹಬ್ಬ ಕಳೀಲಿ, ಬಂದು ಗರಿ ಪಾಚಿನೂ ಕೀಳ್ತೀನಿ, ಇದನ್ನೂ ನೋಡ್ತೀನಿ.”

“ಮುಟ್ಟಲ್ಲ ಬಿಡಿ.”

ಅವರ ಹೆಂಡತಿ ಕಾಫಿ ತಂದು, “ನಮ್ಮನೆಯವ್ರಿಗೆ ನನ್ ಬಿಪಿ ಮಾತ್ರೆ ಹೆಸ್ರು ಗೊತ್ತಿಲ್ಲ ಮೇಡಂ, ಇದರ ಹೆಸ್ರೆಲ್ಲಾ ಬೇಕು,” ಎಂದು ನಕ್ಕರು. ಯಜಮಾನರೂ ನಕ್ಕರು. ನನಗೆ ಆಕೆಯನ್ನು ಅಕ್ಕ ಎಂದು ಕರೆಯಬೇಕೆನಿಸಿತು, ಹಾಗೆಯೇ ಕರೆದೆ.

ಆಯುಧಪೂಜೆಯ ಬೆಳಿಗ್ಗೆ ಅಲ್ಲಾಳಸಂದ್ರದ ನನ್ನ ಮನೆಯಲ್ಲಿ ಮೈಕ್ರೋಸ್ಕೋಪಿಗೆ ಕುಂಕುಮ ಇಡುತ್ತಿದ್ದೆ. ಮಸೂರಕ್ಕೆ ತಾಗದಂತೆ ಇಡುವುದು ಪ್ರತಿ ವರ್ಷದ ಸರ್ಕಸ್ಸು. ಆಗ ಯಜಮಾನರಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಕೆಳಗೆ, ‘ಆಯುಧಪೂಜೆ ಸ್ಪೆಷಲ್ ಸರ್ವಿಸ್ ಮೇಡಂ’ ಎಂದು ಬರೆದು ಕೈಮುಗಿಯುವ ಚಿತ್ರ.

ಹಬ್ಬಕ್ಕೆ ವರ್ಕ್‌ಶಾಪಿನಲ್ಲಿ ಪ್ರತಿಯೊಂದು ಮಷಿನನ್ನೂ ಗ್ರೀಸು ಬಿಡಿಸಿ ಫಳಫಳ ಮಾಡುವುದು ಅವರ ಪದ್ಧತಿ. ಪಂಪು, ಲೈಟು, ಫಿಲ್ಟರ್ ಇರುವ ತೊಟ್ಟಿಯೂ ಅವರ ಲೆಕ್ಕದಲ್ಲಿ ಮಷಿನೇ. ಮಧ್ಯಾಹ್ನ ಕೆಲಸಗಾರರೆಲ್ಲ ಮನೆಗೆ ಊಟಕ್ಕೆ ಬರುವವರಿದ್ದರು. ಅವರ ಮುಂದೆ ಗರಿ ಪಾಚಿ ಜೋಲಾಡುವ ತೊಟ್ಟಿ ಇದ್ದರೆ ಹೇಗೆ? ಬಿಡಿಭಾಗಗಳ ಜಿಡ್ಡು ತೆಗೆಯುವ ಸ್ಟೀಮ್ ಗನ್ನನ್ನು ಮನೆಗೆ ತಂದಿದ್ದರು. ವಿಡಿಯೋದಲ್ಲಿ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಯುಟಿಲಿಟಿ ಕಾಣುತ್ತಿತ್ತು. ಟ್ರೇನಲ್ಲಿ ಕಲ್ಲು, ಅದರ ಮೇಲೆ ಬುಸ್ಸೆಂದು ಹೊಡೆಯುವ ಬಿಸಿ ಹಬೆ, ಹಾರಿ ಬೀಳುವ ಪಾಚಿ. ಕೊನೆಯಲ್ಲಿ ಗ್ಲೌಸ್ ಹಾಕಿದ ಕೈ ಕಲ್ಲನ್ನು ಮಗುಚಿತು. ಕಂದು ಗುಂಡಿಗಳು ಮೇಲೆ ಬಂದವು.

ಫೋನ್ ಹಚ್ಚಿದೆ. ಎತ್ತಲಿಲ್ಲ. ಆ ಗದ್ದಲದಲ್ಲಿ ಹೇಗೆ ಕೇಳಿಸೀತು? ‘ನಿಲ್ಲಿಸಿ’ ಎಂದು ಟೈಪ್ ಮಾಡಿ ಕಳಿಸಿ, ಮೆಟ್ಟು ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದೆ. ಆ ವಿಷವನ್ನು ಮುಟ್ಟುವುದಕ್ಕಿಂತ ಉಸಿರಿನಲ್ಲಿ ಎಳೆದುಕೊಳ್ಳುವುದು ಕೆಟ್ಟದ್ದು, ಬಿಸಿನೀರು ಅಥವಾ ಹಬೆ ತಾಗಿದರೆ ಅದು ನಾಶವಾಗುವುದಿಲ್ಲ, ಗಾಳಿಗೆ ಏಳುತ್ತದೆ ಎಂದು ಎಂದೋ ಓದಿದ ಸಾಲುಗಳು ಸರ್ವೀಸ್ ರಸ್ತೆಯುದ್ದಕ್ಕೂ ನೆನಪಾಗುತ್ತ ಹೋದವು. ರಸ್ತೆಯಲ್ಲಿ ಒಡೆದ ಬೂದುಗುಂಬಳ, ಕುಂಕುಮದ ನೀರು. ಎರಡು ಕಡೆ ಸ್ಕೂಟರ್ ಜಾರಿತು.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಬೇಯಿಸಿದ ಸಮುದ್ರದ ವಾಸನೆ, ಅದರ ಮೇಲೆ ಆಂಬೊಡೆ ಕರಿಯುವ ವಾಸನೆ. ಯಜಮಾನರು ಯುಟಿಲಿಟಿಯಲ್ಲಿ ಕನ್ನಡಕ, ಧೂಳಿನ ಮಾಸ್ಕು, ಗ್ಲೌಸ್ ಎಲ್ಲ ಹಾಕಿಕೊಂಡು ಅದೇ ಕಲ್ಲಿಗೆ ಎರಡನೇ ಸುತ್ತು ಹೊಡೆಯುತ್ತಿದ್ದರು. ಇನ್ನೊಂದು ಕಲ್ಲು ಪಕ್ಕದ ಬಕೆಟ್ಟಿನಲ್ಲಿ ಸರದಿ ಕಾಯುತ್ತಿತ್ತು. ನಾನು ಓಡಿಹೋಗಿ ಪ್ಲಗ್ ಕಿತ್ತೆ.

“ಯಾಕ್ ಮೇಡಂ? ನಾನ್ ಮುಟ್ಟೇ ಇಲ್ಲ! ನೀವ್ ಹೇಳಿದ್ರಲ್ಲ ಮುಟ್ಬೇಡಿ ಅಂತ, ಅದಕ್ಕೇ ಗನ್ ತಂದಿದ್ದು.” ಹೇಳುತ್ತಲೇ ಕೆಮ್ಮಿದರು.

ಅಡುಗೆಮನೆಯಲ್ಲಿ ಅಕ್ಕ ಬಾಣಲೆಯ ಮುಂದೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು. ತಲೆಯ ಮೇಲೆ ಚಿಮಣಿ ಜೋರಾಗಿ ತಿರುಗುತ್ತಿತ್ತು. ಯುಟಿಲಿಟಿಯ ಬಾಗಿಲು ತೆರೆದಿತ್ತು. ಅಲ್ಲಿ ಎದ್ದ ಹಬೆಯನ್ನೆಲ್ಲ ಆ ಚಿಮಣಿ ಎಳೆದೆಳೆದು ಇವರ ಮುಖದ ಮೇಲಿಂದ ಹಾಯಿಸಿಕೊಂಡು ಹೋಗುತ್ತಿತ್ತು. ಗನ್ ಹಿಡಿದವರಿಗೆ ಮಾಸ್ಕಾದರೂ ಇತ್ತು.

“ಒಗ್ಗರಣೆ ಘಾಟು ಅಂದ್ಕೊಂಡೆ ಮೇಡಂ. ಆಗ್ಲಿಂದ ನಿಲ್ತಾನೇ ಇಲ್ಲ,” ಎಂದರು ಅಕ್ಕ. “ಬಾಯೆಲ್ಲಾ ಒಂಥರಾ ಕಬ್ಬಿಣ ನೆಕ್ಕಿದಂಗಾಗಿದೆ.”

ಆಗ ನನಗೆ ಗೊತ್ತಾಯಿತು, ನನ್ನ ಬಾಯಲ್ಲೂ ಅದೇ ರುಚಿ. ನಾಣ್ಯ ಚಪ್ಪರಿಸಿದ ಹಾಗೆ. ಒಲೆ ಆರಿಸಿ, ಕಿಟಕಿಗಳನ್ನು ತೆರೆದು, ಇಬ್ಬರನ್ನೂ ಕೈಹಿಡಿದು ಕೆಳಗಿಳಿಸಿದೆ. ಮೆಟ್ಟಿಲಲ್ಲಿ ಅಕ್ಕ ಎರಡು ಸಲ ಕೂತರು. ಕಾರಿಗೆ ಇನ್ನೂ ಪೂಜೆಯಾಗಿರಲಿಲ್ಲ. ಅರ್ಧ ಕಟ್ಟಿದ ಹಾರ ಮುಂದೆ ನೇತಾಡುತ್ತಿತ್ತು. ಚಕ್ರದಡಿಗೆ ನಿಂಬೆಹಣ್ಣು ಇಡದೆ ಹೇಗೆ ಎಂದು ಅಕ್ಕ ಕೇಳಿದರು. ಯಜಮಾನರೇ ಕಾರು ಓಡಿಸಿದರು, ನಾನು ಸ್ಕೂಟರಿನಲ್ಲಿ ಬೆನ್ನಿಗೇ ಹೊರಟೆ.

ಹೆಬ್ಬಾಳದ ಕಡೆಯ ಆಸ್ಪತ್ರೆ. ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕನಿಗೆ ಆಮ್ಲಜನಕದ ಮಾಸ್ಕ್ ಹಾಕಿ, ನೆಬ್ಯುಲೈಸರ್ ಹಚ್ಚಿ, ರಕ್ತ ತೆಗೆಸುತ್ತಲೇ ಪ್ರಶ್ನೆ ಕೇಳಿದರು. ಏನು ಎಳೆದುಕೊಂಡಿದ್ದು? ಆಸಿಡ್ಡಾ? ಬ್ಲೀಚಾ?

“ಏನಿಲ್ಲ ಡಾಕ್ಟ್ರೇ, ಸಮುದ್ರದ ಪಾಚಿ,” ಎಂದರು ಯಜಮಾನರು.

ನಾನು ಅನುಮಾನ ಹೇಳಿದೆ. ವಿಷದ ಹೆಸರು ಹೇಳಿದೆ: ಪಾಲಿಟಾಕ್ಸಿನ್. ಡಾಕ್ಟರ್ ಮುಖದಲ್ಲಿ ಅಸಡ್ಡೆ ಬರುತ್ತದೆ ಎಂದು ಕಾದಿದ್ದೆ, ಬರಲಿಲ್ಲ. ಫೋನಿನಲ್ಲಿ ಹುಡುಕಿ ಓದಿ ಬಂದು ನನ್ನ ಪಕ್ಕ ನಿಂತರು.

“ಬರೀ ಪಾಚಿ ಆದ್ರೆ, ಬಿಸಿ ಹಬೆಗೆ ಶ್ವಾಸನಾಳ ಕೆರಳಿದೆ ಅಷ್ಟೆ, ಸಂಜೆಗೆ ಕಳಿಸ್ಬಹುದು. ನೀವ್ ಹೇಳೋದಾದ್ರೆ ಹೃದಯ, ಸ್ನಾಯು, ಪೊಟ್ಯಾಷಿಯಂ ಎಲ್ಲಾ ನೋಡ್ತಾ ಇರ್ಬೇಕು. ಈಗ ಚೆನ್ನಾಗಿದ್ದು ಆಮೇಲೆ ಕೆಡ್ಬಹುದು. ಪ್ರತಿವಿಷ ಇಲ್ಲ. ನಿಮಗೆಷ್ಟು ಖಾತ್ರಿ?”

“ಖಾತ್ರಿ ಇಲ್ಲ ಡಾಕ್ಟರ್. ಅದು ತೆರೆದಿದ್ದನ್ನ ನಾನು ನೋಡಿಲ್ಲ.”

“ನಂಗೆ ಅನುಮಾನ ಸಾಕು, ಇಟ್ಕೋತೀನಿ. ಆದ್ರೆ ಅವರು ಇರ್ಬೇಕಲ್ಲ,” ಎಂದು ಅಕ್ಕನ ಕಡೆ ನೋಡಿದರು.

ಮೊದಲ ಇಸಿಜಿ ಚೆನ್ನಾಗಿಯೇ ಬಂತು. ನೆಬ್ಯುಲೈಸರ್ ಆದ ಮೇಲೆ ಅಕ್ಕನ ಉಸಿರು ಸಲೀಸಾಯಿತು. ಅದೇ ತೊಂದರೆಯಾಯಿತು. ಎದ್ದು ಕೂತು ಮುಡಿಯ ಹೂವು ಸರಿಮಾಡಿಕೊಂಡರು. “ಹಬ್ಬದ ದಿನ ಆಸ್ಪತ್ರೇಲಿ ಮಲಗ್ತಾರೇನ್ರೀ? ದೇವರ ಮುಂದೆ ದೀಪ ಹಚ್ಚಿಟ್ಟು ಬಂದಿದೀನಿ. ಅಷ್ಟು ಜನ ಊಟಕ್ಕೆ ಬರ್ತಾರೆ. ನಾಳೆ ಬಂದು ತೋರಿಸ್ಕೊಳ್ಳೋಣ ನಡೀರಿ.”

ಯಜಮಾನರು ನನ್ನ ಕಡೆ ತಿರುಗಿದರು. “ನೀವೇ ಅಂದ್ರಲ್ಲ ಮೇಡಂ ಖಾತ್ರಿ ಇಲ್ಲ ಅಂತ. ಸುಮ್ನೆ ಯಾಕೆ ಹೆದರಿಸ್ತೀರಾ?”

ಹೆದರಿದ್ದು ನಾನು. ಅವರು ಆ ಮನೆಗೆ, ಅದೇ ಅಡುಗೆಮನೆಗೆ ವಾಪಸ್ ಹೋಗಿ ಬಾಗಿಲು ಹಾಕಿಕೊಂಡರೆ, ರಾತ್ರಿ ಅಕ್ಕನ ಎದೆಬಡಿತ ನಿಂತರೆ, ಯಾರಿಗೂ ಕಾರಣವೂ ತಿಳಿಯುವುದಿಲ್ಲ. ಖಾತ್ರಿ ಇದೆ ಎಂದು ಒಂದು ಸುಳ್ಳು ಹೇಳಿಬಿಡಲೇ ಎನಿಸಿತು. ಸುಳ್ಳು ಹೇಳಲು ನನಗೆ ಮಡಿವಂತಿಕೆಯೇನೂ ಇಲ್ಲ, ಆದರೆ ಯಜಮಾನರು ಯಂತ್ರ ಬಲ್ಲ ಮನುಷ್ಯ. ಹೇಗೆ ಗೊತ್ತಾಯಿತು ಎಂದು ಒಂದು ಪ್ರಶ್ನೆ ಕೇಳಿದರೆ ನಾನು ತಡವರಿಸುತ್ತಿದ್ದೆ. ಎರಡನೇ ಕಲ್ಲು ಇನ್ನೂ ಯುಟಿಲಿಟಿಯ ಬಕೆಟ್ಟಿನಲ್ಲೇ ಇತ್ತು, ಹಬೆ ತಾಗದೆ, ಉಪ್ಪುನೀರಿನಲ್ಲಿ. ಅದನ್ನು ಬಿಸಿಲಿಗೆ ಒಯ್ದು ನೋಡಿದರೆ ತೀರ್ಮಾನವಾಗುತ್ತದೆ.

“ಬೀಗದ ಕೈ ಕೊಡಿ. ನಾನು ಬರೋವರ್ಗೂ ಇಲ್ಲೇ ಇರಿ, ಅಷ್ಟು ಸಾಕು,” ಎಂದೆ. ಕೊಟ್ಟರು. ಡಾಕ್ಟರ್ ಒಳ್ಳೆಯ ಮಾಸ್ಕೊಂದನ್ನು ಕೊಟ್ಟು, “ಒಳಗೆ ನಿಲ್ಬೇಡಿ. ನಿಮಗೂ ಬಾಯಲ್ಲಿ ಕಬ್ಬಿಣದ ರುಚಿ ಅಂದ್ರಿ, ನಿಮ್ಮ ಇಸಿಜಿನೂ ಮಾಡ್ಬೇಕು, ನೆನಪಿರ್ಲಿ,” ಎಂದರು.

ಮನೆಯ ಬಾಗಿಲಿಗೆ ಬೀಗದ ಕೈ ಹಾಕಿದೆ. ನಾನು ಧೈರ್ಯವಂತೆಯಲ್ಲ. ಲಿಫ್ಟ್ ನಿಂತರೆ ಕಿರುಚುವವಳು. ಅಮ್ಮನಿಗೊಂದು ಫೋನ್ ಮಾಡಲೇ ಎನಿಸಿತು, ಮಾಡಿ ಹೇಳುವುದೇನು ಎಂದು ಬಿಟ್ಟೆ. ಉಸಿರು ಬಿಗಿಹಿಡಿದು ಹಾಲ್ ದಾಟಿ, ಅಡುಗೆಮನೆ ದಾಟಿ, ಬಕೆಟ್ ಎತ್ತಿಕೊಂಡು ಬಂದೆ. ಅರ್ಧ ದಾರಿಯಲ್ಲಿ ಉಸಿರು ಸಾಲದೆ ಹೋಗಿ ಒಮ್ಮೆ ಎಳೆದುಕೊಳ್ಳಲೇಬೇಕಾಯಿತು. ಆ ಒಂದು ಉಸಿರು ಒಳಗೆ ಹೋದದ್ದು ಇಂದಿಗೂ ನೆನಪಿದೆ.

ಮೇಲಿನ ತಾರಸಿಯಲ್ಲಿ ಬಿಸಿಲು. ಬಕೆಟ್ಟಿನ ನೀರಿನಲ್ಲೇ ಕಲ್ಲನ್ನು ಉದ್ದನೆಯ ಇಕ್ಕಳದಿಂದ ಮಗುಚಿ, ಕಂದು ಗುಂಡಿಗಳು ಮೇಲೆ ಬರುವಂತೆ ಇಟ್ಟೆ. ಗಾಳಿಗೆ ಬೆನ್ನು ಕೊಟ್ಟು ಕೂತೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನೀರಿನ ಹತ್ತಿರ ಹಿಡಿದೆ. ಏನೂ ಆಗಲಿಲ್ಲ. ಪಕ್ಕದ ಬೀದಿಯಲ್ಲಿ ಯಾರೋ ಪೂಜೆ ಮಾಡಿದ ಬೈಕಿನ ಹಾರ್ನ್ ಬಾರಿಸುತ್ತಲೇ ಇದ್ದರು. ಇದು ಪಾಚಿಯೇ ಆಗಿರಲಿ ಎಂದು ಬೇಡಿಕೊಂಡೆ. ಕಡಲಪಾಚಿಯನ್ನೇ ಓದಿದವಳು, ಪಾಚಿಯಾಗಿರಲಿ ಎಂದು ಹಿಂದೆಂದೂ ಬೇಡಿಕೊಂಡಿರಲಿಲ್ಲ.

ಅಂಚಿನ ಒಂದು ಗುಂಡಿ ಸಡಿಲವಾಯಿತು. ನೀರಿನ ಅಲುಗಾಟ ಇರಬೇಕು ಎಂದುಕೊಂಡೆ. ಆಮೇಲೆ ಅದರ ಪಕ್ಕದ್ದು. ಉಬ್ಬಿದ ನೆತ್ತಿ ಬಿಚ್ಚಿಕೊಂಡು ಅಗಲವಾದ ತಟ್ಟೆಯಾಯಿತು. ಸುತ್ತ ಗಿಡ್ಡ ಗಿಡ್ಡ ಬೆರಳುಗಳ ಅಂಚು. ನಡುವೆ ಒಂದು ಸೀಳು. ಕೈಚೀಲದಲ್ಲಿದ್ದ ಮೀನಿನ ಆಹಾರದ ಕಾಳೊಂದನ್ನು ಇಕ್ಕಳದಲ್ಲಿ ಬಿಟ್ಟೆ. ಬೆರಳುಗಳು ಮಡಚಿದವು, ಸೀಳು ಅಗಲವಾಯಿತು, ಕಾಳು ಒಳಗೆ ಹೋಯಿತು.

ಗಿಡ ಬಾಯಿ ತೆರೆಯುವುದಿಲ್ಲ. ಮೈಯ ಗೋಡೆಯೊಳಗೆ ಹುದುಗಿದ ಮರಳಿನ ಕಣಗಳನ್ನೂ ಹತ್ತಿರದಿಂದ ಹಿಡಿದು, ನಡೆದದ್ದನ್ನೆಲ್ಲ ಎರಡು ಸಾಲು ಬರೆದು, ವಿಡಿಯೋವನ್ನು ಮಂಗಳೂರಿನಲ್ಲಿರುವ ನನ್ನ ಸೀನಿಯರ್‌ಗೆ ಕಳಿಸಿದೆ. ಹವಳಗಳ ಮೇಲೇ ಕೆಲಸ ಮಾಡುವವರು. ಅವರ ಫೋನ್ ತಕ್ಷಣ ಬಂತು.

“ಮಾರಾಯ್ತಿ, ನೀನು ಎಲ್ಲಿದ್ದಿ ಈಗ? ಅದರ ಹತ್ರ ಕೂತಿದ್ದಿಯಾ? ಮೊದ್ಲು ದೂರ ಹೋಗು.”

“ಅದೇನಾ ಸರ್?”

“ಮರಳು ಮೈಯೊಳಗೆ ಉಂಟಲ್ಲ, ಬಟನ್ ಪಾಲಿಪ್ಪೇ, ಪಾಲಿತೋವ. ವಿಷ ಎಷ್ಟು ಉಂಟು ಅಂತ ವಿಡಿಯೋ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಹಬೆ ಹೊಡ್ದು, ಬಾಯಿ ಕಬ್ಬಿಣ ಆಗಿದೆ ಅಂದ್ರೆ ಮತ್ತೆ ಎಂತ ಬೇಕು? ಅವರನ್ನು ಮನೆಗೆ ಬಿಡ್ಬೇಡ.”

ಬಕೆಟ್ಟಿಗೆ ಮುಚ್ಚಳ ಹಾಕಿ ಮೇಲೆ ಇಟ್ಟಿಗೆ ಇಟ್ಟೆ. ಕೆಳಗಿನ ಮನೆಯವರಿಗೆ ಕೂಗಿ, ಊಟಕ್ಕೆ ಬರುವ ಕೆಲಸಗಾರರನ್ನು ಮೇಲೆ ಬಿಡಬೇಡಿ ಎಂದೆ. ಯಜಮಾನರಿಗೆ ಫೋನ್ ಹಚ್ಚಿದರೆ ಬಿಜಿ. ಅಕ್ಕನಿಗೆ ಹಚ್ಚಿದೆ. ರಿಂಗಾಗುವ ಸದ್ದು ಬೀಗ ಹಾಕಿದ ಮನೆಯೊಳಗಿಂದಲೇ ಬಂತು.

ಆಸ್ಪತ್ರೆಯ ಮುಂಬಾಗಿಲಿನ ಹೊರಗೆ ಕಲ್ಲುಬೆಂಚಿನ ಮೇಲೆ ಅಕ್ಕ ಕೂತಿದ್ದರು. ನಮ್ಮ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇವೆ ಎಂದು ಬರೆದುಕೊಟ್ಟು ಹೊರಗೆ ಬಂದಾಗಿತ್ತು. ಯಜಮಾನರು ಕಾರು ತರಲು ಹೋಗಿದ್ದರು. ಪಕ್ಕದಲ್ಲಿ ಕೂತು ವಿಡಿಯೋ ಹಚ್ಚಿ ಅವರ ಕೈಗೆ ಕೊಟ್ಟೆ. ಗುಂಡಿ ಬಿಚ್ಚಿಕೊಂಡಿತು, ಕಾಳು ಬಿತ್ತು, ಬಾಯಿ ತೆರೆಯಿತು.

“ಇದಾ? ನಮ್ಮನೆ ಕಲ್ಲಲ್ಲಿದ್ದಿದ್ದು?”

“ಹೂಂ ಅಕ್ಕ.”

“ಇದನ್ನ ನಾನು ಉಸಿರಲ್ಲಿ...” ಎಂದರು. ಫೋನ್ ವಾಪಸ್ ಕೊಟ್ಟು, “ಒಳಗೆ ಹೋಗೋಣ ನಡೀರಿ,” ಎಂದು ಬೆಂಚಿಗೆ ಕೈಯೂರಿದರು. ಏಳಲಾಗಲಿಲ್ಲ. ಇನ್ನೊಮ್ಮೆ ಊರಿದರು. “ಮೇಡಂ, ಕಾಲು ಬರ್ತಿಲ್ಲ. ತೊಡೆ ಹಿಂಡ್ತಿದೆ. ಯಾಕೆ ಬರ್ತಿಲ್ಲ?”

ಹಾರ ಕಟ್ಟಿದ ಕಾರು ಮುಂದೆ ಬಂದು ನಿಂತಿತು. ನಾನು ವೀಲ್‌ಚೇರ್ ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ.

ಅಕ್ಕನನ್ನು ಐಸಿಯುಗೆ ಒಯ್ದರು. ನಮ್ಮಿಬ್ಬರನ್ನೂ ಹೊರಗಿನ ವಾರ್ಡಿನಲ್ಲಿ ಮಲಗಿಸಿ ಎದೆಗೆ ತಂತಿ ಅಂಟಿಸಿದರು. ಸಂಜೆಗೆ ನನಗೂ ಚಳಿಜ್ವರ. ಹಲ್ಲು ಕಟಕಟ ಎನ್ನುತ್ತಿತ್ತು. ಪಕ್ಕದ ಹಾಸಿಗೆಯಲ್ಲಿ ಯಜಮಾನರು ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. “ಗ್ಲೌಸ್ ಹಾಕಿದ್ದೆ, ಮಾಸ್ಕ್ ಹಾಕಿದ್ದೆ,” ಎನ್ನುತ್ತಿದ್ದರು. “ಅವಳಿಗೆ ಏನೂ ಹಾಕಿರ್ಲಿಲ್ಲ.” ಡಾಕ್ಟರ್ ಆಗಾಗ ಬಂದು ಸುದ್ದಿ ಹೇಳುತ್ತಿದ್ದರು. ಸ್ನಾಯುಗಳು ಕರಗುತ್ತಿರುವ ಗುರುತು ರಕ್ತದಲ್ಲಿ ಏರಿದೆ, ಎದೆಬಡಿತ ತಪ್ಪುತ್ತಿದೆ, ಉಸಿರಿಗೆ ಯಂತ್ರದ ಆಸರೆ ಕೊಟ್ಟಿದೆ. ಪ್ರತಿ ಸಲ ವಾರ್ಡಿನ ಬಾಗಿಲು ತೆರೆದಾಗಲೂ ಯಜಮಾನರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ನಾನೂ ಮುಚ್ಚಿಕೊಳ್ಳುತ್ತಿದ್ದೆ.

ವಿಜಯದಶಮಿಯ ಮಧ್ಯಾಹ್ನ ಡಾಕ್ಟರ್ ಬಂದು ನಮ್ಮ ಹಾಸಿಗೆಗಳ ನಡುವೆ ಸ್ಟೂಲ್ ಎಳೆದುಕೊಂಡು ಕೂತರು. “ರಕ್ತದಲ್ಲಿ ಏರಿದ್ದು ಇಳೀತಿದೆ,” ಎಂದರು. “ಮನೇಲಿದ್ದಿದ್ರೆ ಆ ರಾತ್ರಿ ದಾಟ್ತಿರ್ಲಿಲ್ಲ ಅನ್ಸುತ್ತೆ.”

ಆಮೇಲಿನದು ಕೆಲಸ. ನನ್ನ ಜ್ವರ ಬಿಟ್ಟ ಮೇಲೆ ಯಜಮಾನರೂ ನಾನೂ ಮಾಸ್ಕು ಕಟ್ಟಿಕೊಂಡು ಯುಟಿಲಿಟಿ, ಅಡುಗೆಮನೆಯ ಗೋಡೆ, ಚಿಮಣಿಯ ಜಾಲರಿ, ಬಾಣಲೆ ಎಲ್ಲವನ್ನೂ ನೀರು ಬೆರೆಸಿದ ಬ್ಲೀಚಿನಿಂದ ನೆನೆಸಿ ನೆನೆಸಿ ಒರೆಸಿದೆವು. ಒಣಗಿಸಿ ಉಜ್ಜಬಾರದು, ಒದ್ದೆಯಾಗಿಯೇ ಇರಬೇಕು. ಒರೆಸಿದ ಬಟ್ಟೆಗಳನ್ನು ಕಟ್ಟಿ ಬಿಸಾಡಿದೆವು. ಎರಡು ಕಲ್ಲುಗಳನ್ನೂ ಮುಚ್ಚಳದ ಡ್ರಮ್ಮಿನಲ್ಲಿ ಬ್ಲೀಚ್ ತುಂಬಿ ಮುಳುಗಿಸಿಟ್ಟೆ. ಕರಿದಿಟ್ಟ ಆಂಬೊಡೆಗಳು ತಟ್ಟೆಯಲ್ಲಿ ಹಾಗೆಯೇ ಇದ್ದವು. ಯಜಮಾನರು ಅವನ್ನು ತಟ್ಟೆಯ ಸಮೇತ ಚೀಲಕ್ಕೆ ಹಾಕಿದರು. ತೊಟ್ಟಿಯಲ್ಲಿ ಉಳಿದ ಒಂದೊಂದು ಕಲ್ಲನ್ನೂ ನೀರೊಳಗೇ ತಿರುಗಿಸಿ ನೋಡಿದೆ. ಇನ್ನೆಲ್ಲೂ ಅದು ಇರಲಿಲ್ಲ.

ಅಕ್ಕ ಮನೆಗೆ ಬಂದ ದಿನ ನನಗೂ ಹೇಳಿಕಳಿಸಿದ್ದರು. ಬಳಲಿದ್ದರು, ದನಿ ಕೂತಿತ್ತು, ಗೋಡೆ ಹಿಡಿದು ನಡೆಯುತ್ತಿದ್ದರು. ಹಾಲ್ ದಾಟಿ ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತರು. ಎಲ್ಲ ತೊಳೆದಿದೆ ಎಂದು ಯಜಮಾನರು ಹೇಳಿದರು. ಅಕ್ಕ ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು.

“ನೀವು ಮೊದ್ಲು ಹೋಗಿ.”

ಒಳಗೆ ಹೋದೆ. ಒಲೆಯ ಮುಂದೆ, ಅವರು ಅಂದು ನಿಂತಿದ್ದ ಜಾಗದಲ್ಲಿ ನಿಂತೆ.

“ಚಿಮಣಿ ಹಾಕಿ.”

ಸ್ವಿಚ್ ಒತ್ತಿದೆ. ತಲೆಯ ಮೇಲೆ ಅದು ಗುಂಯ್ ಎಂದು ಎದ್ದಿತು. ನಾನೇ ಒರೆಸಿದ್ದೆ, ನಾನೇ ಮೂಸಿ ನೋಡಿದ್ದೆ. ಆದರೂ ಮೊದಲ ಉಸಿರಿಗೆ ತಡಮಾಡಿದೆ. ಅಕ್ಕ ಬಾಗಿಲಿನ ಚೌಕಟ್ಟು ಹಿಡಿದು ನನ್ನ ಎದೆಯನ್ನೇ ನೋಡುತ್ತಿದ್ದರು. ಉದ್ದಕ್ಕೆ ಉಸಿರೆಳೆದುಕೊಂಡೆ, ಬಿಟ್ಟೆ.

“ಇನ್ನೊಂದ್ ಸಲ,” ಎಂದರು.

ಎಳೆದುಕೊಂಡೆ.

“ಇನ್ನೂ ಒಂದ್ ಸಲ.”